ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮತ್ತು ದಾಂಪತ್ಯ ಜೀವನ

ಐವತ್ತು ವರ್ಷ ದಾಟಿದ ಪುರುಷನು ರಾತ್ರಿ ಮೂರು ನಾಲ್ಕು ಬಾರಿ ಮೂತ್ರವಿಸರ್ಜನೆಗೆಂದು ಏಳತೊಡಗಿದರೆ ಮನೆಯವರು ಅದನ್ನು ವಯೋಧರ್ಮವೆಂದು ತಿಳಿದು ಸುಮ್ಮನಾಗುತ್ತಾರೆ. ಅದೇ ಕಾಲದಲ್ಲಿ ಆತನ ಲೈಂಗಿಕ ಶಕ್ತಿಯೂ ಕುಗ್ಗಿದರೆ ಅದನ್ನು ಪತ್ನಿಯ ಹೊರತು ಬೇರಾರೂ ಅರಿಯರು. ಎಷ್ಟೋ ವೇಳೆ ಪತ್ನಿಯೊಡನೆಯೂ ಆತನು ಆ ಮಾತನ್ನು ಎತ್ತುವುದಿಲ್ಲ. ಮುಂದೆ ಎಂದಾದರೊಂದು ದಿನ ವೈದ್ಯರು ಪರೀಕ್ಷಿಸಿ ಪ್ರಾಸ್ಟೇಟ್ ಗ್ರಂಥಿಯಲ್ಲಿ ಗಂಟು ಇದೆಯೆಂದು ತಿಳಿಸಿದಾಗ ದಂಪತಿಗಳಲ್ಲಿ ಎರಡು ಭಯಗಳು ಒಟ್ಟಿಗೇ ಹುಟ್ಟುತ್ತವೆ. ಒಂದು ಪ್ರಾಣಭಯ. ಮತ್ತೊಂದು, ಚಿಕಿತ್ಸೆಯಿಂದ ಗಂಡಸುತನವೇ ಹೋಗಿಬಿಡುವುದೆಂಬ ಭಯ. ಮೊದಲನೆಯದನ್ನು ಬಾಯಿಬಿಟ್ಟು ಹೇಳುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ. ಹೇಳದೆ ಉಳಿದ ಈ ಎರಡನೆಯ ಭಯದಿಂದಲೇ ಆಸ್ಪತ್ರೆಯ ಕಡೆಗೆ ಮತ್ತೆ ತಲೆಹಾಕದವರು ಇದ್ದಾರೆ. ಆದುದರಿಂದ ಈ ಗ್ರಂಥಿಗೂ ಶಿಶ್ನದ ನಿಮಿರುವಿಕೆಗೂ ಇರುವ ಸಂಬಂಧವೇನು, ಅದರಲ್ಲಿ ನಿಜವೆಷ್ಟು, ಊಹೆಯೆಷ್ಟು ಎಂಬುದನ್ನು ಪತಿ ಪತ್ನಿಯರಿಬ್ಬರೂ ಕೂಡಿಯೇ ತಿಳಿದುಕೊಳ್ಳುವುದು ಅವಶ್ಯಕ. ನಾಚಿಕೆಯನ್ನು ಬದಿಗಿಟ್ಟು ಓದತಕ್ಕ ವಿಷಯವಿದು.

ಗ್ರಂಥಿಯ ಸ್ಥಾನ ಮತ್ತು ಕಾರ್ಯ

ಪ್ರಾಸ್ಟೇಟ್ ಗ್ರಂಥಿಯು ಪುರುಷರಲ್ಲಿ ಮಾತ್ರ ಇರುವ ಅಂಗ. ಯೌವನದಲ್ಲಿ ಇದು ದಪ್ಪನೆಯ ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರವಿದ್ದು ಸುಮಾರು 20 ಗ್ರಾಂ ತೂಗುತ್ತದೆ. ಮೂತ್ರಾಶಯದ ಕೆಳಗೆ, ಗುದನಾಳದ ಮುಂಭಾಗದಲ್ಲಿ ಇದರ ಸ್ಥಾನ. ಮೂತ್ರನಾಳವು ಈ ಗ್ರಂಥಿಯ ನಡುವಿನಿಂದಲೇ ಹಾದು ಬರುತ್ತದೆ. ಗ್ರಂಥಿಯು ದಪ್ಪವಾದಾಗ ಮೂತ್ರದ ಧಾರೆ ಸಣ್ಣದಾಗುವುದಕ್ಕೆ ಇದೇ ಕಾರಣ. ವೀರ್ಯದ ದ್ರವಭಾಗದಲ್ಲಿ ಒಂದು ಪಾಲನ್ನು ಸ್ರವಿಸುವುದು ಇದರ ಕೆಲಸ. ವೀರ್ಯಾಣುಗಳು ಹುಟ್ಟುವುದು ಇಲ್ಲಿ ಅಲ್ಲ, ವೃಷಣಗಳಲ್ಲಿ. ಪುರುಷ ಹಾರ್ಮೋನು ತಯಾರಾಗುವುದೂ ಬಹುಮಟ್ಟಿಗೆ ವೃಷಣಗಳಲ್ಲಿಯೇ. ನಿಮಿರುವಿಕೆಯೂ ಪ್ರಾಸ್ಟೇಟ್ ಗ್ರಂಥಿಯ ಕೆಲಸವಲ್ಲ.

ನಿಮಿರುವಿಕೆ ನಡೆಯುವ ಕ್ರಮ ಹೀಗಿದೆ. ಶಿಶ್ನದೊಳಗೆ ಸ್ಪಂಜಿನಂತಹ ಎರಡು ನೀಳವಾದ ಭಾಗಗಳಿವೆ. ಉದ್ರೇಕವಾದಾಗ ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುಗಡೆ ಮಾಡುತ್ತವೆ. ಇದರಿಂದ ರಕ್ತನಾಳಗಳು ಸಡಿಲಗೊಂಡು ಆ ಭಾಗಗಳಲ್ಲಿ ರಕ್ತ ತುಂಬಿಕೊಳ್ಳುತ್ತದೆ; ತುಂಬಿದ ಒತ್ತಡದಿಂದಲೇ ರಕ್ತವು ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಗದ್ದೆಗೆ ನೀರು ಹಾಯಿಸಿ ಹೊರಹೋಗುವ ಮಡೆಯನ್ನು ಕಟ್ಟಿದರೆ ನೀರು ನಿಲ್ಲುವುದಲ್ಲವೆ? ಇದೂ ಅಂತೆಯೇ. ಇದಕ್ಕೆ ಮನಸ್ಸು ಬೇಕು, ಹಾರ್ಮೋನು ಬೇಕು, ಆರೋಗ್ಯವಾದ ರಕ್ತನಾಳ ಬೇಕು, ನರ ಬೇಕು. ಈ ಪೈಕಿ ನರಗಳು ಶಿಶ್ನವನ್ನು ತಲಪುವ ದಾರಿಯಲ್ಲಿ ಪ್ರಾಸ್ಟೇಟ್ ಗ್ರಂಥಿಯ ಎಡಬಲ ಪಕ್ಕಗಳಿಗೆ ಅಂಟಿಕೊಂಡು, ಕಂಬಕ್ಕೆ ಹಬ್ಬಿದ ಎಳೆಬಳ್ಳಿಯಂತೆ ಸಾಗುತ್ತವೆ. ಗ್ರಂಥಿಗೂ ನಿಮಿರುವಿಕೆಗೂ ಇರುವ ನಂಟಿನಲ್ಲಿ ಮುಖ್ಯವಾದುದು ಈ ನೆರೆಹೊರೆಯ ನಂಟು.

ರೋಗವೇ ಕಾರಣವೇ, ಚಿಕಿತ್ಸೆಯೇ?

ಈ ಗ್ರಂಥಿಯ ಕ್ಯಾನ್ಸರ್ ಪ್ರಾರಂಭದ ಹಂತದಲ್ಲಿ ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ನಿಮಿರುವಿಕೆಯನ್ನೂ ಕೆಡಿಸುವುದಿಲ್ಲ. ರೋಗವು ಗ್ರಂಥಿಯ ಎಲ್ಲೆಯನ್ನು ಮೀರಿ ಪಕ್ಕದ ನರಗಳಿಗೆ ಹಬ್ಬಿದಾಗ ಮಾತ್ರ ರೋಗದಿಂದಲೇ ಆ ಶಕ್ತಿ ಕುಗ್ಗಬಹುದು. ಆದುದರಿಂದ ನಿಮಿರುವಿಕೆ ಕಡಿಮೆಯಾದೊಡನೆಯೇ ಕ್ಯಾನ್ಸರ್ ಬಂದಿದೆಯೆಂದು ಹೆದರುವುದು ಸರಿಯಲ್ಲ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಬೀಡಿ ಸಿಗರೇಟು, ಅತಿಯಾದ ಮದ್ಯಪಾನ, ಮನಸ್ಸಿನ ಚಿಂತೆ, ಕೆಲವು ಔಷಧಿಗಳು ಇವೇ ಬಹಳ ಮಂದಿಯಲ್ಲಿ ಕಾರಣವಾಗಿರುತ್ತವೆ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವಾದುದರಿಂದ ಕೊಬ್ಬು ಕಟ್ಟಿಕೊಳ್ಳುವ ಕಾಯಿಲೆ ಮೊದಲು ಅಲ್ಲಿ ತೋರಿ, ಕೆಲವು ವರ್ಷಗಳ ಬಳಿಕ ಎದೆನೋವಾಗಿ ಕಾಣಿಸಿಕೊಳ್ಳುವುದುಂಟು. ಈ ದೌರ್ಬಲ್ಯ ಕಂಡ ಪುರುಷನು ಮೊದಲು ಮಾಡಿಸಬೇಕಾದುದು ರಕ್ತದಲ್ಲಿನ ಸಕ್ಕರೆಯ ಪರೀಕ್ಷೆ ಮತ್ತು ರಕ್ತದೊತ್ತಡದ ಪರೀಕ್ಷೆ. ಇವೆರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಆಗುತ್ತವೆ.

ಹಾಗೆಯೇ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಧಾರೆ ಸಣ್ಣದಾಗುವುದು, ಮೂತ್ರ ಪೂರ್ತಿ ಹೋಗಲಿಲ್ಲವೆನಿಸುವುದು ಇವೆಲ್ಲವೂ ಕ್ಯಾನ್ಸರ್ ಅಲ್ಲ. ವಯಸ್ಸಾದಂತೆ ಗ್ರಂಥಿಯು ತಾನಾಗಿ ದಪ್ಪವಾಗುತ್ತದೆ. ಅರವತ್ತರ ಸುಮಾರಿಗೆ ಅರ್ಧದಷ್ಟು ಪುರುಷರಲ್ಲಿ ಇದು ಕಂಡುಬರುತ್ತದೆ. ಇದು ಬೇರೆ, ಕ್ಯಾನ್ಸರ್ ಬೇರೆ. ಆದರೆ ಹೊರಗಿನಿಂದ ನೋಡಿ ಇದು ಇಂತಹುದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಮೂತ್ರದಲ್ಲಿ ಅಥವಾ ವೀರ್ಯದಲ್ಲಿ ರಕ್ತ, ಸೊಂಟ ಮತ್ತು ಬೆನ್ನಿನ ಮೂಳೆಗಳಲ್ಲಿ ಬಿಡದೆ ಕಾಡುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಕಂಡರೆ ತಡಮಾಡಲಾಗದು. ಗದ್ದೆಯ ಕೆಲಸದಿಂದ ಬಂದ ಬೆನ್ನುನೋವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕೊನೆಗೆ ಕಾಲುಗಳ ಬಲ ಕುಂದಿದ ಮೇಲೆ ಆಸ್ಪತ್ರೆಗೆ ಬರುವವರನ್ನು ವೈದ್ಯರು ಕಾಣುತ್ತಲೇ ಇದ್ದಾರೆ.

ಪರೀಕ್ಷೆಯ ಕ್ರಮ ಸುಲಭ. ವೈದ್ಯರು ಕೈಗವಸು ಧರಿಸಿ ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ನಿಮಿಷದೊಳಗೆ ಮುಗಿಯುವ ಪರೀಕ್ಷೆಯಿದು. ಇದರಿಂದ ಪುರುಷತ್ವಕ್ಕೆ ಯಾವ ಕುಂದೂ ಇಲ್ಲ. ಜೊತೆಗೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಇದೆ. ಈ ಪರೀಕ್ಷೆಗೆ ಮುಂಚಿನ ಎರಡು ದಿನ ದಂಪತಿಗಳು ಸಂಭೋಗ ಮಾಡದಿರುವುದು ಒಳ್ಳೆಯದು. ವೀರ್ಯಸ್ಖಲನದ ಬಳಿಕ ಆ ಅಂಶವು ರಕ್ತದಲ್ಲಿ ತುಸು ಹೆಚ್ಚಿರುವುದುಂಟು. ಗ್ರಂಥಿಯನ್ನು ಕುಗ್ಗಿಸಲು ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುವವರು ಅದನ್ನೂ ವೈದ್ಯರಿಗೆ ತಿಳಿಸಬೇಕು. ಇವು ಪಿ.ಎಸ್.ಎ. ಅಂಶವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಕೆಲವರಲ್ಲಿ ಕಾಮಾಸಕ್ತಿಯನ್ನೂ ನಿಮಿರುವಿಕೆಯನ್ನೂ ಕುಗ್ಗಿಸುತ್ತವೆ. ಸಂಶಯವಿದ್ದರೆ ಸೂಜಿಯಿಂದ ಗ್ರಂಥಿಯ ಚೂರುಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಇದಾದ ಕೆಲವು ವಾರಗಳವರೆಗೆ ವೀರ್ಯವು ಕೆಂಪಾಗಿ ಅಥವಾ ಕಂದಾಗಿ ಬರಬಹುದು. ಪತ್ನಿಯು ಗಾಬರಿಪಡಬೇಕಾದುದಿಲ್ಲ, ಅದು ತಾನಾಗಿ ನಿಲ್ಲುತ್ತದೆ.

ನರಗಳನ್ನು ಉಳಿಸುವ ವಿದ್ಯೆ

ಕ್ಯಾನ್ಸರ್ ಗ್ರಂಥಿಯೊಳಗೇ ಇರುವಾಗ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕುವುದು ಒಂದು ಚಿಕಿತ್ಸೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ವೈದ್ಯರು 1904ರಲ್ಲಿಯೇ ಇದನ್ನು ಮಾಡಿದ್ದರು. ಆದರೆ ಮುಂದಿನ ಮುಕ್ಕಾಲು ಶತಮಾನದವರೆಗೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ ನಿಮಿರುವ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದರು. ಅದು ಅನಿವಾರ್ಯವೆಂದೇ ಭಾವಿಸಲಾಗಿತ್ತು. ನರಗಳು ಗ್ರಂಥಿಯ ಒಳಗಿನಿಂದಲೇ ಹಾದುಹೋಗುತ್ತವೆಂದು ಅನೇಕರು ನಂಬಿದ್ದರು. ದೊಡ್ಡವರ ಮೃತದೇಹಗಳಲ್ಲಿ ಕೊಬ್ಬು ಮತ್ತು ನಾರುಗಳ ನಡುವೆ ಈ ಸೂಕ್ಷ್ಮ ನರಗಳನ್ನು ಬಿಡಿಸಿ ನೋಡುವುದು ಸುಲಭವಾಗಿರಲಿಲ್ಲ.

1981ರ ಫೆಬ್ರವರಿಯಲ್ಲಿ ಅದೇ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಷ್ ಎಂಬ ಶಸ್ತ್ರವೈದ್ಯರು ಹಾಲೆಂಡಿನ ಲೈಡನ್ ನಗರಕ್ಕೆ ಹೋಗಿದ್ದರು. ಅಲ್ಲಿ ನಿವೃತ್ತ ಪ್ರಾಧ್ಯಾಪಕ ಪೀಟರ್ ಡೊಂಕರ್ ಅವರು ಹುಟ್ಟುವಾಗಲೇ ತೀರಿಕೊಂಡ ಶಿಶುವಿನ ದೇಹದಲ್ಲಿ ಮೂತ್ರಾಶಯದ ನರಗಳನ್ನು ಎಳೆ ಎಳೆಯಾಗಿ ಬಿಡಿಸಿ ಅಭ್ಯಸಿಸುತ್ತಿದ್ದರು. ಶಿಶುವಿನಲ್ಲಿ ಕೊಬ್ಬು ಕಡಿಮೆಯಿದ್ದುದರಿಂದ ನರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಿಮಿರುವಿಕೆಯ ನರಗಳು ಎಲ್ಲಿ ಹೋಗುತ್ತವೆಂದು ಇಬ್ಬರೂ ಕೂಡಿ ಹುಡುಕಿದಾಗ ಅವು ಗ್ರಂಥಿಯ ಹೊರಗಿನಿಂದ, ಅದರ ಹೊದಿಕೆಯ ಆಚೆಯಿಂದ ಸಾಗುವುದು ತಿಳಿದುಬಂತು. 1982ರ ಏಪ್ರಿಲ್ 26ರಂದು ವಾಲ್ಷ್ ಅವರು 52 ವರ್ಷದ ರೋಗಿಯೊಬ್ಬರಿಗೆ ಈ ನರಗಳನ್ನು ಬುದ್ಧಿಪೂರ್ವಕವಾಗಿ ಉಳಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಆತನಿಗೆ ಒಂದು ವರ್ಷದೊಳಗೆ ಶಕ್ತಿಯು ಹಿಂದಿರುಗಿತು. ಇಂದು ಜಗತ್ತಿನಾದ್ಯಂತ ಅನುಸರಿಸುತ್ತಿರುವ ವಿಧಾನಕ್ಕೆ ಇದು ಮೂಲ. ಜೀವ ಉಳಿಯುವುದೇ ಸಾಕೆಂದು ವೈದ್ಯರೂ ರೋಗಿಗಳೂ ಒಪ್ಪಿಕೊಂಡಿದ್ದ ಕಾಲದಲ್ಲಿ, ಉಳಿದ ಜೀವವು ಹೇಗಿರಬೇಕೆಂದು ಇವರು ಕೇಳಿದುದೇ ದೊಡ್ಡದು.

ಆದರೆ ನರಗಳನ್ನು ಎಲ್ಲರಲ್ಲಿಯೂ ಉಳಿಸಲಾಗದು. ರೋಗವು ಗ್ರಂಥಿಯ ಅಂಚಿಗೆ ಬಂದಿದ್ದರೆ ಆ ಪಕ್ಕದ ನರವನ್ನು ಬಿಡಬೇಕಾಗುತ್ತದೆ. ನರವನ್ನು ಉಳಿಸಹೋಗಿ ರೋಗವನ್ನು ಉಳಿಸಿದಂತೆ ಆಗಬಾರದು. ಉಳಿಸಿದ ನರಗಳೂ ಕೂಡಲೇ ಕೆಲಸಕ್ಕೆ ತೊಡಗುವುದಿಲ್ಲ. ಜಗ್ಗಾಟದಿಂದ ನೊಂದ ನರ ಚೇತರಿಸಿಕೊಳ್ಳಲು ಒಂದೂವರೆ ವರ್ಷ, ಎರಡು ವರ್ಷ ಸಹ ಹಿಡಿಯುತ್ತದೆ.

ಮೂರು ದಾರಿಗಳ ಲಾಭ ನಷ್ಟ

ಪ್ರಾರಂಭದ ಹಂತದ ರೋಗಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿಯಲ್ಲ. ವಿಕಿರಣ ಚಿಕಿತ್ಸೆಯಿದೆ. ರೋಗವು ನಿಧಾನವಾಗಿ ಬೆಳೆಯುವ ಜಾತಿಯದಾದರೆ ಚಿಕಿತ್ಸೆಯನ್ನು ತಡೆಹಿಡಿದು, ಕ್ರಮವಾಗಿ ಪರೀಕ್ಷಿಸುತ್ತ ಕಾಯುವ ಮಾರ್ಗವೂ ಇದೆ. ಈ ಮೂರರಲ್ಲಿ ಯಾವುದು ಮೇಲು ಎಂದು ತಿಳಿಯಲು ಬ್ರಿಟನ್ನಿನಲ್ಲಿ 50ರಿಂದ 69 ವರ್ಷದ 1,643 ರೋಗಿಗಳನ್ನು ಮೂರು ಗುಂಪು ಮಾಡಿ ದೀರ್ಘಕಾಲ ನೋಡಿಕೊಳ್ಳಲಾಯಿತು. 2023ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಫಲಿತಾಂಶದಂತೆ ಈ ರೋಗದಿಂದ ತೀರಿಕೊಂಡವರು ಒಟ್ಟು 45 ಮಂದಿ ಮಾತ್ರ, ಎಂದರೆ ನೂರಕ್ಕೆ ಮೂವರಿಗಿಂತ ಕಡಿಮೆ. ಮೂರು ಗುಂಪುಗಳಲ್ಲಿ ಈ ಪ್ರಮಾಣದಲ್ಲಿ ಹೇಳತಕ್ಕ ಅಂತರವಿರಲಿಲ್ಲ. ಆದರೆ ಕಾದು ನೋಡಿದ ಗುಂಪಿನಲ್ಲಿ ರೋಗವು ದೇಹದ ಬೇರೆಡೆಗೆ ಹರಡಿದುದು ಉಳಿದವರಿಗಿಂತ ಸುಮಾರು ಎರಡರಷ್ಟು. ನೂರಕ್ಕೆ ಒಂಬತ್ತು ಮಂದಿಯಲ್ಲಿ ಹಾಗಾಯಿತು.

ನಿಮಿರುವಿಕೆಯ ವಿಷಯದಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಚಿಕಿತ್ಸೆಗೆ ಮೊದಲು ನೂರಕ್ಕೆ 67 ಮಂದಿಗೆ ಸಂಭೋಗಕ್ಕೆ ಸಾಕಾಗುವಷ್ಟು ಶಕ್ತಿ ಇತ್ತು. ಆರು ತಿಂಗಳ ಬಳಿಕ ಅದು ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 12, ವಿಕಿರಣ ಪಡೆದವರಲ್ಲಿ 22, ಕಾದವರಲ್ಲಿ 52 ಆಗಿತ್ತು. ಆರು ವರ್ಷಗಳ ಬಳಿಕ ಈ ಸಂಖ್ಯೆಗಳು ಕ್ರಮವಾಗಿ 17, 27 ಮತ್ತು 30. ಕೊನೆಯ ಸಂಖ್ಯೆಯನ್ನು ಗಮನಿಸಿರಿ. ಕಾದು ನೋಡಿದವರಲ್ಲಿಯೂ ಶಕ್ತಿ ಕುಗ್ಗಿದೆ. ವಯಸ್ಸಿನಿಂದ ಕುಗ್ಗಿದುದು ಸ್ವಲ್ಪ. ಅವರಲ್ಲಿ ಅನೇಕರು ವರ್ಷಗಳು ಕಳೆದಂತೆ ಚಿಕಿತ್ಸೆಯನ್ನೇ ತೆಗೆದುಕೊಂಡುದರಿಂದ ಕುಗ್ಗಿದುದು ಸ್ವಲ್ಪ. ಶಸ್ತ್ರಚಿಕಿತ್ಸೆಯಲ್ಲಿ ನಷ್ಟವು ಒಮ್ಮೆಗೇ ಆಗಿ ಕೆಲವರಲ್ಲಿ ಮೆಲ್ಲಗೆ ಮರಳುತ್ತದೆ. ವಿಕಿರಣದಿಂದಾಗುವ ನಷ್ಟ ಎರಡು ಮೂರು ವರ್ಷಗಳಲ್ಲಿ ಹಂತ ಹಂತವಾಗಿ ತೋರುತ್ತದೆ.

ಈ ಅಂಕಿಗಳನ್ನು ಓದಿ 'ಹಾಗಾದರೆ ಸುಮ್ಮನಿದ್ದರೆ ಸಾಕು' ಎಂದುಕೊಳ್ಳುವುದು ಅಪಾಯಕರ. ಆ ರೋಗಿಗಳಲ್ಲಿ ರೋಗವು ಪಿ.ಎಸ್.ಎ. ಪರೀಕ್ಷೆಯಿಂದ ಬಹು ಮುಂಚಿತವಾಗಿಯೇ ಪತ್ತೆಯಾಗಿತ್ತು, ಮತ್ತು ಅವರು ತಪ್ಪದೆ ಪರೀಕ್ಷೆಗೆ ಬರುತ್ತಿದ್ದರು. ನಮ್ಮಲ್ಲಿ ಅನೇಕರಲ್ಲಿ ರೋಗ ಪತ್ತೆಯಾಗುವುದೇ ಹರಡಿದ ಮೇಲೆ. ಕಾದು ನೋಡುವುದೆಂದರೆ ಮರೆತುಬಿಡುವುದಲ್ಲ. ಬಿತ್ತನೆಯ ಕಾಲ, ಕೊಯ್ಲಿನ ಕಾಲ, ಮಗಳ ಮದುವೆಯೆಂದು ಪರೀಕ್ಷೆಯ ದಿನಗಳನ್ನು ತಪ್ಪಿಸುವವರಿಗೆ ಆ ದಾರಿ ತಕ್ಕುದಲ್ಲ.

ರೋಗವು ಮೂಳೆಗಳಿಗೆ ಹರಡಿದಾಗ ಹಾರ್ಮೋನು ಚಿಕಿತ್ಸೆ ಬೇಕಾಗುತ್ತದೆ. ಈ ಕ್ಯಾನ್ಸರ್ ಪುರುಷ ಹಾರ್ಮೋನನ್ನು ಆಶ್ರಯಿಸಿ ಬೆಳೆಯುತ್ತದೆಂಬುದನ್ನು 1941ರಲ್ಲಿ ಚಿಕಾಗೊ ನಗರದ ಚಾರ್ಲ್ಸ್ ಹಗಿನ್ಸ್ ಅವರು ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ 1966ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವೃಷಣಗಳನ್ನು ತೆಗೆಯುವುದರಿಂದ ಅಥವಾ ಕಾಲಕಾಲಕ್ಕೆ ಚುಚ್ಚುಮದ್ದು ಕೊಡುವುದರಿಂದ ಹಾರ್ಮೋನನ್ನು ಇಳಿಸಲಾಗುತ್ತದೆ. ಮೊದಲನೆಯದು ಒಮ್ಮೆಗೇ ಮುಗಿಯುವ, ಖರ್ಚು ಕಡಿಮೆಯ ವಿಧಾನ. ಎರಡರಲ್ಲಿಯೂ ನಿಮಿರುವಿಕೆಯ ಜೊತೆಗೆ ಆಸೆಯೇ ಕುಗ್ಗುತ್ತದೆ; ಮೈ ಬಿಸಿಯೇರಿ ಬೆವರುವುದು, ಮೂಳೆ ಸವೆಯುವುದು, ಕೆಲವರಲ್ಲಿ ಎದೆ ಊದುವುದು ಕಂಡುಬರುತ್ತದೆ. ಇಲ್ಲಿ ಪತ್ನಿಯು ಅರಿಯಬೇಕಾದ ಮಾತೊಂದಿದೆ. ಪತಿಗೆ ತನ್ನ ಮೇಲಿನ ಮನಸ್ಸು ಹೋಯಿತೆಂದು ಆಕೆ ನೊಂದುಕೊಳ್ಳುತ್ತಾಳೆ. ಆತನು ತಾನಿನ್ನು ಗಂಡಸಲ್ಲವೆಂದು ಮುಖ ತಪ್ಪಿಸುತ್ತಾನೆ. ಇಬ್ಬರೂ ತಪ್ಪಿತಸ್ಥರಲ್ಲ. ಅದು ಔಷಧಿಯ ಗುಣ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮುನ್ನವೇ ಈ ಮಾತನ್ನು ವೈದ್ಯರ ಎದುರು ಇಬ್ಬರೂ ಕುಳಿತು ಆಡಿದ್ದರೆ ಮುಂದಿನ ಕಹಿ ಎಷ್ಟೋ ಕಡಿಮೆಯಾಗುತ್ತದೆ.

ಚಿಕಿತ್ಸೆಯ ನಂತರ

ಗ್ರಂಥಿಯನ್ನು ತೆಗೆದ ಮೇಲೆ ವೀರ್ಯವು ಹೊರಬರುವುದಿಲ್ಲ. ಆದರೂ ಸುಖದ ಅನುಭವ ಉಳಿಯುತ್ತದೆ, ಏಕೆಂದರೆ ಸ್ಪರ್ಶದ ನರಗಳು ಬೇರೆ ದಾರಿಯಲ್ಲಿವೆ. ನಿಮಿರುವಿಕೆ ಇಲ್ಲದಿದ್ದರೂ ಈ ಅನುಭವ ಆಗಬಲ್ಲದೆಂಬುದು ಅನೇಕ ದಂಪತಿಗಳಿಗೆ ತಿಳಿಯದು. ಸಂತಾನ ಇನ್ನೂ ಬೇಕೆನ್ನುವವರು ಚಿಕಿತ್ಸೆಗೆ ಮೊದಲೇ ಹೇಳಿ ವೀರ್ಯವನ್ನು ಶೇಖರಿಸಿಡುವ ಏರ್ಪಾಡು ಮಾಡಿಕೊಳ್ಳಬೇಕು. ಮೊದಲ ಕೆಲವು ತಿಂಗಳು ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಜಿನುಗುವುದುಂಟು. ಮೂತ್ರವನ್ನು ನಡುವೆ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ದಿನಕ್ಕೆ ಹಲವು ಬಾರಿ ಬಿಗಿದು ಸಡಿಲಿಸುವ ವ್ಯಾಯಾಮದಿಂದ ಇದು ಸುಧಾರಿಸುತ್ತದೆ.

ನಿಮಿರುವಿಕೆಗೆ 1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ಈಗ ನಮ್ಮಲ್ಲಿಯೂ ದೊರೆಯುತ್ತದೆ. ನರಗಳು ಸ್ವಲ್ಪವಾದರೂ ಉಳಿದಿದ್ದರೆ ಮಾತ್ರ ಇದು ಫಲ ಕೊಡುತ್ತದೆ. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆಯನ್ನು ಬಳಸುವವರು ಇದನ್ನು ಎಂದಿಗೂ ಮುಟ್ಟಕೂಡದು. ಎರಡೂ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಔಷಧಿ ಅಂಗಡಿಯಲ್ಲಿ ಗುಟ್ಟಾಗಿ ಕೊಳ್ಳುವವರಿಗೆ ಈ ಎಚ್ಚರಿಕೆಯನ್ನು ಹೇಳುವವರು ಯಾರು? ಮಾತ್ರೆ ನಾಟದಿದ್ದಲ್ಲಿ ಗಾಳಿ ಹೀರುವ ಸಾಧನ, ಚುಚ್ಚುಮದ್ದು, ಒಳಗೆ ಅಳವಡಿಸುವ ಉಪಕರಣ ಇವೆ.

ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಗುಪ್ತರೋಗ'ಗಳಿಗೆ ಖಚಿತ ಪರಿಹಾರವೆಂದು ಬರೆಸುವವರ ವಿಷಯ ಬೇರೆ. ಲೈಂಗಿಕ ಶಕ್ತಿಯನ್ನು ಹೆಚ್ಚಿಸುವುದಾಗಿ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾನೂನು ನಿಷೇಧಿಸಿದೆ. ಆದರೂ ಗೋಡೆಗಳು ಖಾಲಿಯಾಗಿಲ್ಲ. ಕ್ಯಾನ್ಸರ್ ಇರುವವನಿಗೆ ಪುರುಷ ಹಾರ್ಮೋನು ಬೆರೆತ ಚುಚ್ಚುಮದ್ದನ್ನೋ ಪುಡಿಯನ್ನೋ ಕೊಟ್ಟರೆ ಬೆಂಕಿಗೆ ಸೀಮೆಎಣ್ಣೆ ಸುರಿದಂತಾದೀತು.

ಕೆಲವು ತಪ್ಪು ತಿಳಿವಳಿಕೆಗಳು

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡುದರಿಂದಲೇ ಈ ರೋಗ ಬಂತೆಂದು ಹೇಳುವವರುಂಟು. 1993ರಲ್ಲಿ ಅಮೆರಿಕದ ಅಧ್ಯಯನಗಳಿಂದ ಇಂತಹ ಸಂಶಯವೊಂದು ಹುಟ್ಟಿದುದು ನಿಜ. 2002ರಲ್ಲಿ ನ್ಯೂಜಿಲೆಂಡಿನ ಅಧ್ಯಯನವು ಸಂಬಂಧವಿಲ್ಲವೆಂದು ತೋರಿಸಿತು. 2017ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತೋರಿದ ಸಂಬಂಧ ಬಹಳ ಅಲ್ಪವಾದುದು. ಅದರ ಕಾರಣದಿಂದ ಶಸ್ತ್ರಚಿಕಿತ್ಸೆಯನ್ನು ಬಿಡಬೇಕಾದುದಿಲ್ಲವೆಂದು ತಜ್ಞರು ಅಭಿಪ್ರಾಯಪಟ್ಟರು. ಈ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವುದು ವೀರ್ಯಾಣುಗಳನ್ನು ಒಯ್ಯುವ ನಾಳವನ್ನು ಮಾತ್ರ. ನಿಮಿರುವಿಕೆಯ ನರಗಳಿಗಾಗಲಿ ರಕ್ತನಾಳಗಳಿಗಾಗಲಿ ಅದರ ಗಾಳಿ ಸಹ ತಾಗದು.

ಧಾತು ನಷ್ಟವಾದುದರಿಂದ ಗ್ರಂಥಿ ಕೆಟ್ಟಿತೆಂಬ ಮಾತೂ ಹುರುಳಿಲ್ಲದುದು. 2016ರಲ್ಲಿ ಪ್ರಕಟವಾದ, ಸುಮಾರು 32,000 ಅಮೆರಿಕನ್ ಪುರುಷರ ಅಧ್ಯಯನದಲ್ಲಿ ತಿಂಗಳಿಗೆ 21 ಬಾರಿ ಅಥವಾ ಅದಕ್ಕಿಂತ ಹೆಚ್ಚು ಸ್ಖಲನವಾಗುವವರಲ್ಲಿ, 4ರಿಂದ 7 ಬಾರಿ ಆಗುವವರಿಗಿಂತ ಈ ಕ್ಯಾನ್ಸರ್ ಸುಮಾರು ಐದನೆಯ ಒಂದು ಪಾಲು ಕಡಿಮೆ ಕಂಡುಬಂತು. ಇದು ಪ್ರಶ್ನಾವಳಿಯಿಂದ ತಿಳಿದುದಾದುದರಿಂದ ಇದನ್ನೇ ಔಷಧಿಯೆಂದು ಯಾರೂ ಹಿಡಿಯಬೇಕಾದುದಿಲ್ಲ. ವೀರ್ಯ ಹೋದರೆ ರೋಗ ಬರುವುದೆಂಬ ಹೆದರಿಕೆಯನ್ನು ಬಿಡಲು ಇಷ್ಟು ಸಾಕು. ಇನ್ನು ಈ ರೋಗವು ಸಂಭೋಗದಿಂದ ಪತ್ನಿಗೆ ಅಂಟುವುದಿಲ್ಲ. ಹಾಸಿಗೆಯನ್ನೂ ತಟ್ಟೆ ಲೋಟವನ್ನೂ ಬೇರೆ ಮಾಡಿ ಆತನನ್ನು ಜಗಲಿಗೆ ಕಳುಹಿಸುವುದು ಅಜ್ಞಾನದ ಕ್ರೌರ್ಯ.

ಐವತ್ತು ದಾಟಿದವರು, ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ ಈ ರೋಗ ಬಂದಿದ್ದಲ್ಲಿ ನಲವತ್ತೈದು ದಾಟಿದವರು, ಪರೀಕ್ಷೆ ತಮಗೆ ಬೇಕೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ವಿಚಾರಿಸಬಹುದು. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಅಗತ್ಯವಾದರೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಪತ್ರ ಕೊಟ್ಟು ಕಳುಹಿಸುತ್ತಾರೆ. ಹೋಗುವಾಗ ಪಡಿತರ ಚೀಟಿ, ಆಧಾರ್ ಚೀಟಿ, ಹಿಂದಿನ ರಕ್ತಪರೀಕ್ಷೆಯ ಕಾಗದಗಳು ಮತ್ತು ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಬೇಕು. ಪತ್ನಿಯೂ ಒಳಗೆ ಬರಲಿ. ವೈದ್ಯರನ್ನು ಮೂರು ಮಾತು ಕೇಳಿರಿ: ರೋಗವು ಗ್ರಂಥಿಯೊಳಗೇ ಇದೆಯೆ, ಹೊರಗೆ ಹೋಗಿದೆಯೆ? ಎರಡು ಪಕ್ಕದ ನರಗಳಲ್ಲಿ ಎಷ್ಟನ್ನು ಉಳಿಸಲಾದೀತು? ಈಗಲೇ ಚಿಕಿತ್ಸೆ ಬೇಕೆ, ಕಾಯಬಹುದೆ, ಕಾದರೆ ಮುಂದಿನ ಪರೀಕ್ಷೆ ಯಾವ ದಿನ?